ಚಳಿಗಾಲದ ಗೆಂಡೆಗೆ ಗಾಳ

ಗಾಳ ಹಾಕಿ ಕೂರುವುದು ಸೋಮಾರಿಗಳ ಕೆಲಸ ಎಂದು ಹಿರಿಯರು ಗೊಣಗುವುದುಂಟು. ಡಿಸೆಂಬರಿನಲ್ಲಿ ಇಂಗ್ಲೆಂಡಿನ ಕೆರೆಯ ದಡದಲ್ಲಿ, ಉಣ್ಣೆ ಟೋಪಿ ಕಿವಿಯವರೆಗೆ ಎಳೆದುಕೊಂಡು, ಮರಗಟ್ಟಿದ ಬೆರಳುಗಳಲ್ಲಿ ಗೆಂಡೆ ಮೀನಿಗಾಗಿ ಕಾಯುವವನನ್ನು ಕಂಡರೆ ಅವರು ಆ ಮಾತನ್ನು ಹಿಂದಕ್ಕೆ ಪಡೆದಾರು. ಆಗ ಮೀನು ಕೆರೆಯಲ್ಲಿ ಇದ್ದೂ ಇಲ್ಲದಂತೆ. ಅದನ್ನು ಹಿಡಿಯಲು ತೋಳಿನ ಬಲಕ್ಕಿಂತ ಶಾಲೆಯ ವಿಜ್ಞಾನದ ಪಾಠವೇ ಹೆಚ್ಚು ನೆರವಾಗುತ್ತದೆ.

ಮೀನು ಶೀತರಕ್ತ ಪ್ರಾಣಿ. ನೀರು ಎಷ್ಟು ತಣ್ಣಗೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ತಣ್ಣಗೆ. ಉಷ್ಣತೆ 10 ಡಿಗ್ರಿ ಇಳಿದರೆ ದೇಹದೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಅರ್ಧಕ್ಕೋ ಮೂರನೇ ಒಂದಕ್ಕೋ ಕುಸಿಯುತ್ತದೆ. 20 ಡಿಗ್ರಿ ನೀರಿನಲ್ಲಿ ಕೆಸರು ಕೆದಕಿ ಮೇಯುತ್ತಲೇ ಇರುವ ಗೆಂಡೆಗೆ 5-6 ಡಿಗ್ರಿಯಲ್ಲಿ ಬಹುಮಟ್ಟಿಗೆ ಉಪವಾಸ. ಅಂದಹಾಗೆ, ಗೆಂಡೆಗೆ ಜಠರವೇ ಇಲ್ಲ! ಗಂಟಲ ಹಲ್ಲುಗಳು ಅರೆದದ್ದು ನೇರ ಕರುಳಿಗೆ. ಆ ಕರುಳೂ ಆಮೆಗತಿಗೆ ಇಳಿದಾಗ ಒಂದೆರಡು ತುತ್ತಿಗೇ ಊಟ ಮುಗಿಯಿತು.

ಆದ್ದರಿಂದ ಬೇಸಿಗೆಯಂತೆ ಬೊಗಸೆಗಟ್ಟಲೆ ಆಹಾರ ಎರಚುವುದು ದಡ್ಡತನ. ನಾಲ್ಕು ಕಾಳು ಮೆಕ್ಕೆಜೋಳ ಅಥವಾ ನೊಣದ ಮರಿಹುಳು, ಸಣ್ಣ ಕೊಕ್ಕೆ, ಇಷ್ಟು ಸಾಕು. ಆದರೆ ಅದನ್ನು ಮೀನಿನ ಮೂತಿಯ ಬಳಿಯೇ ಇಳಿಸಬೇಕು. ಹುಡುಕಿಕೊಂಡು ಬರುವ ಉಮೇದು ಅದಕ್ಕಿಲ್ಲ. ಎಣ್ಣೆ ಬೆರೆಸಿದ ಉಂಡೆಗಳೂ ಆಗ ಅಷ್ಟಾಗಿ ಒದಗವು. ನಮ್ಮ ಮನೆಯ ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವುದಿಲ್ಲವೇ? ಹಾಗೆಯೇ ತಣ್ಣೀರಿನಲ್ಲಿ ಎಣ್ಣೆ ಮಂದವಾಗಿ ವಾಸನೆ ಸರಿಯಾಗಿ ಹರಡುವುದಿಲ್ಲ.

ಹಾಗಾದರೆ ಮೀನು ಎಲ್ಲಿದೆ? ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಅತಿ ಹೆಚ್ಚು. ಮೇಲ್ಮೈ ಹೆಪ್ಪುಗಟ್ಟಿದರೂ ಆಳದ ನೀರು 4 ಡಿಗ್ರಿಯ ಆಸುಪಾಸಿನಲ್ಲಿ ಉಳಿಯುತ್ತದೆ. ಗೆಂಡೆಗಳು ಇಂಥ ಕಡೆ ಗುಂಪುಗೂಡುತ್ತವೆ. ಬಿಸಿಲು ನಾಲ್ಕು ದಿನ ಬಿದ್ದರೆ ಆಳವಿಲ್ಲದ ಮೂಲೆಗೂ ಬಂದಾವು. ಅನುಭವಿಗಳು ಉಷ್ಣತಾಮಾಪಕ ಒಯ್ಯುವುದು ಇದಕ್ಕೇ. ನೈಋತ್ಯದಿಂದ ಬೆಚ್ಚನೆಯ ಗಾಳಿ ಕೆಲವು ದಿನ ಒಂದೇ ಸಮನೆ ಬೀಸಿದರೆ ಅವರಿಗೆ ಹಬ್ಬ. ಹಠಾತ್ತನೆ ಇಬ್ಬನಿ ಹೆಪ್ಪುಗಟ್ಟಿದ ರಾತ್ರಿ, ಮನೆಯಲ್ಲಿರುವುದೇ ವಾಸಿ.

ದೊಡ್ಡ ಗೆಂಡೆ ಗಾಳಕ್ಕೆ ಬೀಳುವುದೇ ಇಲ್ಲ ಎಂಬ ನಂಬಿಕೆ ಇಂಗ್ಲೆಂಡಿನಲ್ಲಿ ಬಹುಕಾಲ ಇತ್ತು. ಅದನ್ನು ಮುರಿದವರಲ್ಲಿ ಪ್ರಮುಖ, ಎಂಜಿನಿಯರ್ ರಿಚರ್ಡ್ ವಾಕರ್. 1952ರ ಸೆಪ್ಟೆಂಬರ್ 13ರಂದು ರೆಡ್‌ಮೈರ್ ಕೊಳದಲ್ಲಿ ಆತ ಹಿಡಿದ ಗೆಂಡೆಯ ತೂಕ 44 ಪೌಂಡ್, ಅಂದರೆ ಸುಮಾರು 20 ಕಿಲೋ. ಮೀನನ್ನು ಕೊಲ್ಲದೆ ಲಂಡನ್ ಮೃಗಾಲಯಕ್ಕೆ ಕೊಟ್ಟರು. 'ಕ್ಲಾರಿಸ್ಸಾ' ಎಂಬ ಹೆಸರಿನಲ್ಲಿ ಅದು 1971ರವರೆಗೆ ಬದುಕಿತ್ತು.

ನಮಗೂ ಈ ಮೀನು ಅಪರಿಚಿತವಲ್ಲ. 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಯ ತಂಪು ನೀರಿಗೆ ತಂದದ್ದು ಈ ಜಾತಿಯದೇ ಒಂದು ತಳಿ. 'ಸಾಮಾನ್ಯ ಗೆಂಡೆ' ಎಂಬ ಹೆಸರಿನಲ್ಲಿ ಅದೀಗ ನಮ್ಮ ಕೆರೆಗಳಲ್ಲೂ ಇದೆ.

ಪೋಷಕರಿಗೆ ಒಂದು ಮಾತು. ಚಳಿನಾಡುಗಳಲ್ಲಿರುವ ನಿಮ್ಮ ಬಂಧುಗಳ ಮಕ್ಕಳು ಈ ಹವ್ಯಾಸಕ್ಕೆ ಬಿದ್ದಿದ್ದರೆ ಒಬ್ಬರನ್ನೇ ಕಳುಹಿಸಬೇಡಿರೆಂದು ಬರೆಯಿರಿ. ಕೊರೆಯುವ ನೀರಿಗೆ ಬಿದ್ದೊಡನೆ ಉಸಿರು ತಾನಾಗಿ ಒಳಕ್ಕೆ ಸೆಳೆಯುತ್ತದೆ, ನೀರೂ ಜೊತೆಗೆ ನುಗ್ಗುತ್ತದೆ. ಬಲ್ಲ ಈಜುಗಾರನೂ ನಿಮಿಷಗಳಲ್ಲಿ ಕೈಸೋಲಬಹುದು. ತೇಲುವ ಜಾಕೆಟ್ ಮೈಮೇಲಿರಲಿ, ತೆಳು ಮಂಜುಗಡ್ಡೆಯ ಮೇಲೆ ಕಾಲಿಡುವುದು ಬೇಡ.

ಹಿಡಿದ ಗೆಂಡೆಯನ್ನು ಇಂದು ಅಲ್ಲಿನ ಹವ್ಯಾಸಿಗಳು ಮರಳಿ ನೀರಿಗೇ ಬಿಡುತ್ತಾರೆ. ಕಡುಚಳಿಯ ಗಾಳಿಯಲ್ಲಿ ಕಿವಿರಿನ ನವಿರು ಎಳೆಗಳಿಗೆ ಬೇಗ ಪೆಟ್ಟು ಬೀಳುವುದರಿಂದ ಫೋಟೋದ ಆಸೆ ಕ್ಷಣಮಾತ್ರದ್ದಾಗಿರಬೇಕು. ಒದ್ದೆ ಕೈ, ಒದ್ದೆ ಹಾಸು. ಕೊಕ್ಕೆ ಬಿಡಿಸಿದ ಮೇಲೆ ಮೀನನ್ನು ನೀರಿನಲ್ಲಿ ನೆಟ್ಟಗೆ ಹಿಡಿದು, ಅದೇ ಬಾಲ ಬೀಸಿ ಹೊರಡುವವರೆಗೆ ಕಾಯುತ್ತಾರೆ. ಚಳಿಗಾಲದಲ್ಲಿ ಅದಕ್ಕೂ ತುಸು ಹೊತ್ತು ಬೇಕು.