ಜಲಪಾತದ ಮೇಲೊಂದು ಕೆರೆಯಿತ್ತು

ದಾರಿ ಚಿಕ್ಕದು. ಹಳ್ಳದ ಗುಂಟ ಸಾಗುವ ಕಾಲುಹಾದಿಯಲ್ಲಿ ನಾಲ್ಕು ಮಾತಾಡಿ ಮುಗಿಸುವಷ್ಟರಲ್ಲಿ ಬಂಡೆಯ ದೊಡ್ಡ ಗೋಡೆಯೊಂದು ಎದುರಾಗುತ್ತದೆ, ಅದರ ನೆತ್ತಿಯಿಂದ ನೀರು ಇಳಿಯುತ್ತಿರುತ್ತದೆ. ಜೋಗದ ಆರ್ಭಟ ಇಲ್ಲಿಲ್ಲ. ಮಹಡಿಯಿಂದ ಒದ್ದೆ ಪಂಚೆಯನ್ನು ಇಳಿಬಿಟ್ಟ ಹಾಗೆ ಒಂದೇ ಒಂದು ಬಿಳಿ ಪಟ್ಟಿ. ಅರ್ಧ ದಾರಿಗೆ ಬರುವಾಗ ಹಿಂಜಿದ ಅರಳೆಯಾಗಿ, ಬುಡ ಮುಟ್ಟುವಾಗ ಹನಿಹನಿಯಾಗಿ ನಮ್ಮ ಮುಖದ ಮೇಲೆ ತಣ್ಣಗೆ ಕೂರುತ್ತದೆ. ನವೆಂಬರ್ ತಿಂಗಳು. ಓಕ್, ಹಿಕರಿ ಮರಗಳ ಎಲೆಗಳು ಹಳದಿಯಾಗಿ, ಕಂದಾಗಿ ಉದುರಿ ಕಾಲಡಿಯಲ್ಲಿ ಮೆತ್ತಗಾಗಿವೆ. ಅವು ಕೊಳೆಯುವ ವಾಸನೆಗೆ ಪಾಚಿಗಟ್ಟಿದ ಕಲ್ಲಿನ ಹಸಿ ವಾಸನೆ ಸೇರಿಕೊಂಡಿದೆ. ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ನೀರಿನ ಸದ್ದು ಮೊದಲು ಒಂದೇ ಸಮ ಕೇಳಿಸುತ್ತದೆ, ಆಮೇಲೆ ಅದರೊಳಗೇ ಏರಿಳಿತ ತಿಳಿಯತೊಡಗುತ್ತದೆ.

ಇದು ಅಮೆರಿಕದ ಜಾರ್ಜಿಯಾ ರಾಜ್ಯದ ಈಶಾನ್ಯ ಮೂಲೆ. ಅಪಲೇಚಿಯನ್ ಬೆಟ್ಟಸಾಲು ತಗ್ಗುತ್ತ ತಗ್ಗುತ್ತ ಬಂದು ಬಯಲು ಸೇರುವ ಜಾಗ. ಊರಿನ ಹೆಸರು ಟೊಕೋವಾ, ಜಲಪಾತ ಟೊಕೋವಾ ಫಾಲ್ಸ್, ಎತ್ತರ 186 ಅಡಿ. ಇದು ಇರುವುದು ಒಂದು ಕ್ರೈಸ್ತ ಕಾಲೇಜಿನ ಆವರಣದೊಳಗೆ. ಬಿದ್ದ ನೀರು ಹಳ್ಳವಾಗಿ ತಿರುಗಿ ಹಾಸ್ಟೆಲು, ಮನೆಗಳು, ಹುಲ್ಲುಹಾಸುಗಳ ಪಕ್ಕದಲ್ಲೇ ಹರಿದು ಹೋಗುತ್ತದೆ. ಮೊಣಕಾಲು ಮುಳುಗಿದರೆ ಹೆಚ್ಚು. ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟಬಹುದಾದ ಹಳ್ಳ.

ಈಗ ತಲೆಯೆತ್ತಿ ಬಂಡೆಯ ನೆತ್ತಿಯಾಚೆ ನೋಡಿ. ಇಲ್ಲಿಂದ ಕಾಣುವುದು ಮರ, ಆಕಾಶ ಮಾತ್ರ. ಆದರೆ ಅಲ್ಲಿಂದ ಸುಮಾರು ಅರ್ಧ ಮೈಲಿ ಮೇಲೆ, ಎರಡು ಗುಡ್ಡಗಳು ಹತ್ತಿರವಾಗುವ ಕಡೆ, ಒಂದು ಕಾಲಕ್ಕೆ ಕೆರೆಯಿತ್ತು. 40 ಎಕರೆಯ ನೀರು. ಹೆಸರು ಕೆಲ್ಲಿ ಬಾರ್ನ್ಸ್.

ಅದನ್ನು ಯಾರೂ ಒಂದೇ ಸಲಕ್ಕೆ ಯೋಚಿಸಿ ಕಟ್ಟಿದ್ದಲ್ಲ. 1899ರಲ್ಲಿ ಮರದ ದಿಮ್ಮಿಗಳ ಚೌಕಟ್ಟಿಗೆ ಕಲ್ಲು ತುಂಬಿ ಒಂದು ಅಡ್ಡಕಟ್ಟೆ ಮಾಡಿದರು, ಸಣ್ಣ ವಿದ್ಯುತ್ ಘಟಕಕ್ಕೆ ನೀರು ಬೇಕಿತ್ತು. ಮುಂದೆ ಕಾಲೇಜಿನವರು ವಿದ್ಯುತ್ತಿಗಾಗಿಯೇ ಆ ಕಲ್ಲಿನ ಕಟ್ಟೆಯ ಮೇಲೆ ಮಣ್ಣು ಹೇರಿ ಏರಿ ಕಟ್ಟಿದರು. ಎರಡನೇ ಮಹಾಯುದ್ಧದ ನಂತರ ಅದರ ಮೇಲೆ ಇನ್ನಷ್ಟು ಮಣ್ಣು ಬಿದ್ದು ಏರಿ ಸುಮಾರು 40 ಅಡಿ ಎತ್ತರವಾಯಿತು, 400 ಅಡಿ ಉದ್ದ. 1957ರಲ್ಲಿ ವಿದ್ಯುತ್ ತಯಾರಿಕೆ ನಿಂತಿತು. ಕೆರೆ ಉಳಿಯಿತು. ಗಾಳ ಹಾಕುವವರಿಗೆ, ಈಜುವವರಿಗೆ, ಸಂಜೆ ದಂಡೆಯಲ್ಲಿ ಸುಮ್ಮನೆ ಕೂರುವವರಿಗೆ ಅದು ಒದಗುತ್ತ ಬಂತು.

ಈ 1957 ಎಂಬ ವರ್ಷದಲ್ಲಿ ನನ್ನ ಮನಸ್ಸು ಪದೇ ಪದೇ ನಿಲ್ಲುತ್ತದೆ. ಕರೆಂಟು ಬರುತ್ತಿದ್ದಷ್ಟು ದಿನ ನೀರಿನ ಮಟ್ಟ ಎಷ್ಟಿದೆ, ಕೊಳವೆಯ ಬಾಯಿಗೆ ಕಸ ಕಟ್ಟಿದೆಯೇ ಎಂಬುದು ಯಾರದೋ ದಿನದ ಕೆಲಸವಾಗಿರಲೇಬೇಕು. ನಮ್ಮ ಊರುಗಳಲ್ಲಿ ಕೆರೆಗೆ ನೀರುಗಂಟಿ ಇರುತ್ತಿದ್ದ ಹಾಗೆ. ಗದ್ದೆಗೆ ನೀರು ಬಿಡಲು ತೂಬಿನ ಹತ್ತಿರ ಹೋಗುವವನು ದಾರಿಯಲ್ಲಿ ಏರಿಯನ್ನೂ ನೋಡುತ್ತಾನೆ, ಕೋಡಿಯನ್ನೂ ನೋಡುತ್ತಾನೆ. ಎಲ್ಲಿ ಮಣ್ಣು ಜಗ್ಗಿದೆ, ಎಲ್ಲಿ ಏಡಿ ಬಿಲ ತೋಡಿದೆ ಎಂದು ಅವನ ಕಾಲಿಗೇ ಗೊತ್ತಾಗುತ್ತದೆ. ಸಂತೋಷಕ್ಕೆಂದು ಉಳಿಸಿಕೊಂಡ ಕೆರೆಗೆ ಇಂಥ ಕಾಲುಗಳಿಲ್ಲ. ಗಾಳ ಹಿಡಿದವನ ಕಣ್ಣು ನೀರಿನ ಮೇಲಿರುತ್ತದೆ, ಏರಿಯ ಹಿಂಬದಿಗೆ ಇಳಿದು ನೋಡುವ ಅಗತ್ಯ ಅವನಿಗೆ ಬೀಳುವುದಿಲ್ಲ.

ಹಿಂಬದಿಯಲ್ಲಿ ಇದ್ದದ್ದೇನು? ಮರಗಳು, ಪೊದೆ, ನೆರಳು. ನೋಡಲು ಅಂದವಾಗಿಯೇ ಇದ್ದಿರಬೇಕು, ಗುಡ್ಡದ ಮುಂದುವರಿಕೆಯಂತೆ. ಆದರೆ ಇಳಿಜಾರು ತೀರಾ ಕಡಿದು, ಹೆಚ್ಚು ಕಡಿಮೆ ಒಂದು ಅಡಿ ಎತ್ತರಕ್ಕೆ ಒಂದೇ ಅಡಿ ಅಗಲ. ಮಣ್ಣಿನ ರಾಶಿಗೆ ಅಷ್ಟು ಕಡಿದಾಗಿ ನಿಲ್ಲುವುದು ಕಷ್ಟ, ನೆನೆದ ಮಣ್ಣಿಗಂತೂ ಇನ್ನೂ ಕಷ್ಟ. 1973ರಲ್ಲಿ ಯಾರೋ ತೆಗೆದ ಒಂದು ಫೋಟೋ ಇದೆ. ಅದರಲ್ಲಿ ಏರಿಯ ಆ ಮೈಯಲ್ಲಿ 12 ಅಡಿ ಎತ್ತರ, 30 ಅಡಿ ಅಗಲದ ಮಣ್ಣು ಜಾರಿರುವುದು ಕಾಣುತ್ತದೆ. ಮುಂದೆ ತನಿಖೆಗೆ ಬಂದವರಿಗೆ ಏರಿ ಕಟ್ಟಿದ ಕಾಲದ ನಕ್ಷೆಗಳು ಸಿಗಲಿಲ್ಲ. ಈ ಫೋಟೋ ಸಿಕ್ಕಿತು.

1977ರ ನವೆಂಬರ್ ಮೊದಲ ವಾರ ಮಳೆ ಹಿಡಿಯಿತು. ನಾಲ್ಕು ದಿನದಲ್ಲಿ ಏಳು ಇಂಚು. ಅದರಲ್ಲಿ ಅರ್ಧದಷ್ಟು, ಮೂರೂವರೆ ಇಂಚು, 5ನೇ ತಾರೀಕು ಶನಿವಾರ ಸಂಜೆ ಆರರಿಂದ ನಡುರಾತ್ರಿಯೊಳಗೆ ಸುರಿಯಿತು. ಆ ರಾತ್ರಿಯನ್ನು ಹೀಗೆ ಕಂಡುಕೊಳ್ಳಿ: ಕಣಿವೆಯಲ್ಲಿ ಹಳ್ಳದ ಪಕ್ಕ ಸಾಲಾಗಿ ಟ್ರೇಲರ್ ಮನೆಗಳು, ತಗಡಿನ ಗೋಡೆಯ ಆ ಉದ್ದನೆ ಡಬ್ಬಿಗಳ ಮೇಲೆ ಮಳೆಯ ಸದ್ದು. ಮದುವೆಯಾದ ವಿದ್ಯಾರ್ಥಿಗಳು, ಅವರ ಚಿಕ್ಕ ಮಕ್ಕಳು ಒಳಗೆ ಮಲಗಿದ್ದಾರೆ. ಬೆಳಗಾದರೆ ಭಾನುವಾರ, ಪ್ರಾರ್ಥನೆಗೆ ಹೋಗುವ ದಿನ. ಮೇಲೆ ಕತ್ತಲಲ್ಲಿ ಏರಿಯ ಮೈ ನೀರು ಹೀರಿ ಹೀರಿ ಭಾರವಾಗುತ್ತಿದೆ, ಒಳಗೊಳಗೇ ಮಣ್ಣು ಕೊಚ್ಚಿ ಹೋಗುವ ಸಣ್ಣ ದಾರಿಗಳು ತೆರೆದುಕೊಳ್ಳುತ್ತಿವೆ, ಹಿಂಬದಿಯ ಮಣ್ಣು ಜಾರಿ ನೆತ್ತಿ ತೆಳುವಾಗುತ್ತಿದೆ. ಒಂದೇ ಕಾರಣವನ್ನು ಬೊಟ್ಟು ಮಾಡಿ ತೋರಿಸಲು ತನಿಖಾ ಮಂಡಳಿಗೆ ಆಗಲಿಲ್ಲ. ಇವೆಲ್ಲ ಒಂದಕ್ಕೊಂದು ಕೈಜೋಡಿಸಿದವು ಎಂಬುದು ಅವರ ಎಣಿಕೆ.

ರಾತ್ರಿ ಒಂದೂವರೆಗೆ ಕೆರೆ ಒಡೆಯಿತು.

ಸೆಕೆಂಡಿಗೆ 24,000 ಘನ ಅಡಿ ನೀರು ನುಗ್ಗಿತ್ತೆಂದು ಸರ್ಕಾರದ ಭೂವಿಜ್ಞಾನ ಸಂಸ್ಥೆಯವರು ಆಮೇಲೆ ಲೆಕ್ಕ ಹಾಕಿದರು. ಆಷಾಢದಲ್ಲಿ ಕನ್ನಂಬಾಡಿಗೆ ಒಳಹರಿವು 24,000 ಕ್ಯೂಸೆಕ್ ಎಂದು ಪತ್ರಿಕೆಯಲ್ಲಿ ಓದಿ ನಾವು ಹಿಗ್ಗುತ್ತೇವೆ. ಅಂಥ ನೀರು, ಮಕ್ಕಳು ಜಿಗಿದು ದಾಟುವ ಈ ಹಳ್ಳದ ಪಾತ್ರದಲ್ಲಿ, 186 ಅಡಿ ಬಂಡೆಯಿಂದ ಕೆಳಗೆ. 18 ಟ್ರೇಲರ್ ಮನೆಗಳು, ಒಂಬತ್ತು ಮನೆಗಳು, ಎರಡು ಕಾಲೇಜು ಕಟ್ಟಡಗಳು ಇಲ್ಲವಾದವು. ಸೇತುವೆಗಳು ಕಿತ್ತುಹೋದವು. ಊರಿನ ಕುಡಿಯುವ ನೀರು ಎಷ್ಟೋ ದಿನ ಕೆಟ್ಟಿತ್ತು. ಸತ್ತವರು 39 ಜನ, ಅವರಲ್ಲಿ 20 ಮಕ್ಕಳು. ಜಲಪಾತದ ಹತ್ತಿರ ಅವರ ನೆನಪಿನ ಕಲ್ಲು ಇದೆ. ಬರುವಾಗ ನಾವು ನೀರನ್ನೇ ನೋಡುತ್ತ ಬಂದದ್ದರಿಂದ ಅದು ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದೇ ರಾಜ್ಯದವರು. ಅವರ ಪತ್ನಿ ರೊಸಾಲಿನ್ ಕಾರ್ಟರ್ ಅದೇ ದಿನ ಇಲ್ಲಿಗೆ ಬಂದರು. ಅಣೆಕಟ್ಟುಗಳನ್ನು ತಪಾಸಣೆ ಮಾಡಬೇಕೆಂಬ ಕೇಂದ್ರ ಕಾನೂನು 1972ರಿಂದಲೇ ಇತ್ತು, ದುಡ್ಡು ಕೊಡದೆ ಅದು ಕಾಗದದಲ್ಲಿ ಕೂತಿತ್ತು. ಈಗ ಸೇನೆಯ ಎಂಜಿನಿಯರುಗಳಿಗೆ ಆದೇಶ ಹೋಯಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಅವರ ಉಸ್ತುವಾರಿಯಲ್ಲಿ 8,000ಕ್ಕೂ ಹೆಚ್ಚು ಅಣೆಕಟ್ಟುಗಳ ತಪಾಸಣೆ ನಡೆಯಿತು. ಸುಮಾರು ಮೂರರಲ್ಲಿ ಒಂದು ಅಪಾಯದ ಸ್ಥಿತಿಯಲ್ಲಿತ್ತು. ಜಾರ್ಜಿಯಾ 1978ರಲ್ಲಿ ತನ್ನದೇ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಾಡಿಕೊಂಡಿತು. ಒಡೆದರೆ ಜೀವಹಾನಿ ಆಗಬಹುದಾದ ಕಟ್ಟೆಗಳನ್ನು ಅದು ಮೊದಲ ವರ್ಗಕ್ಕೆ ಸೇರಿಸುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಏರಿ ಇದ್ದಂತೆಯೇ ಇರುತ್ತದೆ, ಕೆಳಗಿನ ಹುಲ್ಲುಗಾವಲು ಸೈಟುಗಳಾಗಿ ಹತ್ತು ಮನೆ ಏಳುತ್ತವೆ, ಆ ಹೊತ್ತಿಗೆ ಏರಿಯ ವರ್ಗ ಬದಲಾಗಿಬಿಡುತ್ತದೆ. ಕೆರೆಯ ಮಾಲೀಕನ ಹೊಣೆಯೂ ಬೆಳೆಯುತ್ತದೆ, ಅವನು ಒಂದು ಬುಟ್ಟಿ ಮಣ್ಣನ್ನೂ ಕದಲಿಸದಿದ್ದರೂ.

ಇಂಥ ಮಾಲೀಕರು ಅಮೆರಿಕದಲ್ಲಿ ಬಹಳ. ಅಲ್ಲಿಯ ರಾಷ್ಟ್ರೀಯ ಪಟ್ಟಿಯಲ್ಲಿರುವ 90,000ಕ್ಕೂ ಹೆಚ್ಚು ಅಣೆಕಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವರವು, ಬಹುಪಾಲು ಮಣ್ಣಿನವು. ಮಾಲೀಕ ಒಬ್ಬ ರೈತನಿರಬಹುದು, ಒಂದು ಕ್ಲಬ್ ಇರಬಹುದು, ಕೆರೆ ಕಾಣುವ ಮನೆಯೆಂದು ಆಸೆಪಟ್ಟು ಕೊಂಡ ಬಡಾವಣೆಯ ನಿವಾಸಿಗಳ ಸಂಘವಿರಬಹುದು.

ಬನ್ನಿ, ಅಂಥದೊಂದು ಕೆರೆಗೆ ತಪಾಸಣೆಯವರ ಜೊತೆ ಹೋಗೋಣ. ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹೊತ್ತು ಒಳ್ಳೆಯದು, ನೆಲದ ಉಬ್ಬುತಗ್ಗುಗಳಿಗೆ ನೆರಳು ಮೂಡುತ್ತದೆ. ನೀರಿನ ಮೇಲೆ ತೆಳ್ಳಗೆ ಮಂಜು, ದಡದಲ್ಲಿ ಬೋರಲು ಹಾಕಿದ ದೋಣಿ, ಕತ್ತರಿಸಿದ ಹುಲ್ಲಿನ ಹಸಿ ವಾಸನೆ. ಹುಲ್ಲು ಕತ್ತರಿಸಿರುವುದು ಚೆಂದಕ್ಕಲ್ಲ, ಎತ್ತರದ ಹುಲ್ಲಿನಡಿ ಏನೂ ಕಾಣದೆಂದು. ಅವರು ಮೊದಲು ಏರಿಯ ನೆತ್ತಿಯ ಮೇಲೆ ನಿಂತು ಉದ್ದಕ್ಕೆ ಕಣ್ಣು ಹಾಯಿಸುತ್ತಾರೆ. ಬೇಲಿಯ ಕಂಬಗಳ ಸಾಲು ಎಲ್ಲಾದರೂ ಬಾಗಿದೆಯೇ, ಒಂದು ಕಡೆ ನೆಲ ಕುಳಿತಿದೆಯೇ ಎಂದು. ಆಮೇಲೆ ಹಿಂಬದಿಯ ಇಳಿಜಾರಿನಲ್ಲಿ ಅಡ್ಡಡ್ಡಲಾಗಿ, ಉಳುವವರು ಸಾಲು ಹಿಡಿದ ಹಾಗೆ, ಹೋಗಿ ತಿರುಗಿ, ಹೋಗಿ ತಿರುಗಿ ಇಳಿಯುತ್ತಾರೆ. ಬೂಟಿನ ಅಡಿಯಲ್ಲಿ ನೆಲ ಗಟ್ಟಿಯೋ ಮೆತ್ತಗೋ ಎಂಬುದರ ಮೇಲೆ ಗಮನ. ಗ್ರೌಂಡ್‌ಹಾಗ್ ಎಂಬ ಪ್ರಾಣಿ ತೋಡಿದ ಬಿಲ ಕಂಡರೆ ಕೋಲು ತೂರಿಸಿ ಆಳ ನೋಡುತ್ತಾರೆ. ಮರದ ಬೊಡ್ಡೆಯೊಂದು ಸಿಕ್ಕರೆ ಕೂತು ಬಹಳ ಹೊತ್ತು ಪರೀಕ್ಷಿಸುತ್ತಾರೆ, ಯಾಕೆಂದರೆ ಸತ್ತ ಮರದ ಬೇರು ಮಣ್ಣಿನೊಳಗೆ ಕೊಳೆತು ನೀರಿಗೆ ಕೊಳವೆಯಾಗುತ್ತದೆ. ಬದುಕಿರುವ ಮರ ಗಾಳಿಗೆ ಬಿದ್ದರೆ ಬೇರಿನ ಜೊತೆ ಏರಿಯ ಒಂದು ತುತ್ತನ್ನೇ ಕಿತ್ತುಕೊಂಡು ಬೀಳುತ್ತದೆ. ಆ ಮರದ ನೆರಳಲ್ಲಿ ಮಕ್ಕಳಿಗಾಗಿ ಉಯ್ಯಾಲೆ ಕಟ್ಟಿದವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭವಲ್ಲ.

ಕೋಡಿಯ ಬಳಿ ಬಂದರೆ, ಮೀನು ತಪ್ಪಿಸಿಕೊಳ್ಳಬಾರದೆಂದು ಯಾರೋ ಅಡ್ಡ ಹಾಕಿದ ಜಾಲರಿ. ಅದರ ತುಂಬ ಎಲೆ, ಕಡ್ಡಿ, ಒಂದು ಪ್ಲಾಸ್ಟಿಕ್ ಬಾಟಲಿ. ಜೋರು ಮಳೆಯ ಒಂದು ರಾತ್ರಿಗೆ ಇಷ್ಟು ಸಾಕು, ನೀರಿಗೆ ಹೋಗಲು ಏರಿಯ ನೆತ್ತಿಯೊಂದೇ ದಾರಿ ಉಳಿಯುತ್ತದೆ. ನಮ್ಮಲ್ಲಿ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಏರಿ ಉಳಿಯುವುದೂ ಆ ಕೋಡಿಯಿಂದಲೇ. ಅವರು ಬಗ್ಗಿ ಬರಿಗೈಯಲ್ಲೇ ಕಸ ತೆಗೆದು ಹಾಕುತ್ತಾರೆ, ಜಾಲರಿಯನ್ನು ತೆಗೆಸಬೇಕೆಂದು ಬರೆದುಕೊಳ್ಳುತ್ತಾರೆ. ತೂಬಿನ ಚಕ್ರವನ್ನು ತಿರುಗಿಸಿ ನೋಡಲು ಹೇಳುತ್ತಾರೆ. ವರ್ಷಗಟ್ಟಲೆ ಯಾರೂ ಮುಟ್ಟದ ತುಕ್ಕು ಹಿಡಿದ ಚಕ್ರ. ಮಾಲೀಕ ಎರಡೂ ಕೈ ಹಾಕಿ ಎಳೆಯುತ್ತಾನೆ, ಕಿರ್ ಎನ್ನುವುದೂ ಇಲ್ಲ.

ಕಡೆಗೆ ಏರಿಯ ಬುಡ. ಸುತ್ತ ಹುಲ್ಲು ಒಣಗಿದ್ದರೂ ಇಲ್ಲೊಂದು ಮಂಚದಗಲದ ಜಾಗ ಹಚ್ಚಗಿದೆ, ಜೊಂಡು ಎದ್ದಿದೆ. ಕಾಲಿಟ್ಟರೆ ಪಚಕ್ಕೆನ್ನುತ್ತದೆ. ಮಣ್ಣಿನ ಏರಿಯೆಂದ ಮೇಲೆ ಒಂದಿಷ್ಟು ಬಸಿನೀರು ಇದ್ದದ್ದೇ, ಅದಕ್ಕೇ ಹೆದರಬೇಕಿಲ್ಲ. ನೋಡಬೇಕಾದದ್ದು ಆ ನೀರು ತನ್ನ ಜೊತೆ ಮಣ್ಣನ್ನು ಹೊತ್ತು ತರುತ್ತಿದೆಯೇ ಎಂಬುದನ್ನು. ಅವರು ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು, ಒಸರುವ ನೀರಿಗೆ ಹಿಡಿದು, ಕುಕ್ಕರುಗಾಲಲ್ಲಿ ಕೂತು ಕಾಯುತ್ತಾರೆ. ಮೆಲ್ಲಗೆ ತುಂಬುತ್ತದೆ. ಮಾಲೀಕ ಮಾತು ನಿಲ್ಲಿಸಿದ್ದಾನೆ. ಅವರು ಬಾಟಲಿಯನ್ನು ಎತ್ತಿ, ಬಿಸಿಲಿಗೆ ಅಡ್ಡ ಹಿಡಿದು, ತಳಕ್ಕೆ ಏನಾದರೂ ಇಳಿಯುತ್ತದೆಯೇ ಎಂದು ನೋಡುತ್ತಾರೆ.