ನಿಮಗಿದು ಗೊತ್ತೆ? ಹುಳುಕು ಹಲ್ಲು ಉಸಿರನ್ನೇ ಕಟ್ಟಬಲ್ಲದು

ದೊಡ್ಡವರ ಕುತ್ತಿಗೆಯ ಆಳದಲ್ಲಿ ಕೀವು ತುಂಬುವ ಗಂಭೀರ ಸೋಂಕುಗಳಿಗೆ ಒಂದು ಮುಖ್ಯ ಮೂಲ ಹಲ್ಲು. ಅಂಥದ್ದೇ ಒಂದು ಭಯಂಕರ ಸೋಂಕನ್ನು ಜರ್ಮನಿಯ ವೈದ್ಯ ವಿಲ್‌ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ 1836ರಲ್ಲಿ ವಿವರಿಸಿದರು. ಅದರ ಹೆಸರೇ ‘ಲುಡ್ವಿಗ್ಸ್ ಆಂಜೈನಾ’. ಹೃದಯದ ಆಂಜೈನಾಗೂ ಇದಕ್ಕೂ ಸಂಬಂಧವಿಲ್ಲ.

ಹೆಚ್ಚಾಗಿ ಇದು ಶುರುವಾಗುವುದು ಕೆಳದವಡೆಯ ಕೊನೆಯ ಎರಡು ದವಡೆ ಹಲ್ಲುಗಳಿಂದ. ಅವುಗಳ ಬೇರಿನ ತುದಿ ಬಾಯಿಯ ತಳದ ಸ್ನಾಯು ಅಂಟಿಕೊಂಡಿರುವ ಗೆರೆಗಿಂತ ಕೆಳಗಿರುತ್ತದೆ. ಹೀಗಾಗಿ ಸೋಂಕು ಬಾಯೊಳಗೆ ಒಡೆಯದೆ ನೇರ ದವಡೆಯಡಿಗೆ ಇಳಿಯುತ್ತದೆ. ಅಲ್ಲಿಂದ ಎರಡೂ ಬದಿಗೆ ಹರಡಿ, ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿ ಉಸಿರಿನ ದಾರಿ ಮುಚ್ಚುತ್ತದೆ. ಕೆಲವೊಮ್ಮೆ ಎದೆಗೂಡಿಗೂ ಇಳಿಯುವುದುಂಟು. ಆಂಟಿಬಯೋಟಿಕ್ ಬರುವ ಮುನ್ನ ಇದು ತಗುಲಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಸಕ್ಕರೆ ಕಾಯಿಲೆಯವರಿಗೆ ಅಪಾಯ ಈಗಲೂ ಹೆಚ್ಚು.

ಲವಂಗದೆಣ್ಣೆ ಹಚ್ಚಿ ನೋವು ನಿಂತಿತೆಂದು ಸುಮ್ಮನಾಗುವವರು ಬಹಳ. ಹಲ್ಲಿನ ನರ ಸತ್ತರೂ ನೋವು ನಿಲ್ಲುತ್ತದೆ, ಸೋಂಕು ನಿಲ್ಲುವುದಿಲ್ಲ!

ಹಲ್ಲುನೋವಿನ ಜೊತೆ ದವಡೆಯಡಿ ಗಟ್ಟಿ ಊತ, ಜ್ವರ, ಬಾಯಿ ತೆರೆಯಲಾಗದಿರುವುದು, ಜೊಲ್ಲು ನುಂಗಲಾಗದಿರುವುದು, ದನಿ ಬದಲಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.