ಕಣ್ಣಿನ ಬೆಳಕು ಹಿತ್ತಿಲಲ್ಲಿಯೇ ಇದೆ

ಮುಸ್ಸಂಜೆಯಾಗುತ್ತಲೇ ಮಗುವು ಹೊಸ್ತಿಲು ಎಡವುತ್ತದೆ. ಎದುರಿಗಿರುವ ತಟ್ಟೆಗಾಗಿ ತಡಕಾಡುತ್ತದೆ. ನಾವು ಅದನ್ನು ಅಜಾಗರೂಕತೆಯೆಂದು ಗದರಿಸಿ ಸುಮ್ಮನಾಗುತ್ತೇವೆ. ಆದರೆ ಅದು ಇರುಳುಗುರುಡಿನ ಮೊದಲ ಸೂಚನೆಯಾಗಿರಬಹುದು.

ಮಂದ ಬೆಳಕಿನಲ್ಲಿ ಕಾಣಲು ಅಕ್ಷಿಪಟಲದಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಬೇಕು. ಅದು ರೂಪುಗೊಳ್ಳಲು ‘ಎ’ ಜೀವಸತ್ವ ಅವಶ್ಯಕ. ಕೊರತೆ ತೀವ್ರವಾದರೆ ಕಣ್ಣು ಒಣಗಿ, ಕಾರ್ನಿಯ ಹುಣ್ಣಾಗಿ, ದೃಷ್ಟಿಯೇ ಶಾಶ್ವತವಾಗಿ ನಷ್ಟವಾಗಬಹುದು. ಶ್ವಾಸನಾಳ, ಕರುಳುಗಳ ಒಳಪದರವೂ ದುರ್ಬಲಗೊಂಡು ದಡಾರ, ಅತಿಸಾರಗಳು ಮಕ್ಕಳಲ್ಲಿ ಉಲ್ಬಣಿಸುತ್ತವೆ.

ಶಾಕಾಹಾರಿಗಳಾದ ನಮಗೆ ಇದು ದೊರೆಯುವುದೆಲ್ಲಿ? ಹಾಲು, ಬೆಣ್ಣೆ, ತುಪ್ಪಗಳಲ್ಲಿ ಈ ಜೀವಸತ್ವ ಸಿದ್ಧರೂಪದಲ್ಲಿದೆ. ನುಗ್ಗೆ, ಮೆಂತ್ಯ, ರಾಜಗಿರಿ ಸೊಪ್ಪುಗಳಲ್ಲಿಯೂ ಗಜ್ಜರಿ, ಸಿಹಿಗುಂಬಳ, ಮಾವು, ಪರಂಗಿ ಹಣ್ಣುಗಳಲ್ಲಿಯೂ ಇರುವ ಕ್ಯಾರೊಟಿನ್ ಕರುಳಿನಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುತ್ತದೆ. ಅದನ್ನು ದೇಹವು ಹೀರಿಕೊಳ್ಳಲು ಜಿಡ್ಡು ಬೇಕು. ಆದ್ದರಿಂದ ಸೊಪ್ಪಿನ ಪಲ್ಯಕ್ಕೆ ಎಣ್ಣೆಯ ಒಗ್ಗರಣೆ ಕೇವಲ ರುಚಿಗಲ್ಲ. ಸೊಪ್ಪನ್ನು ಪಾತ್ರೆ ಮುಚ್ಚಿ ಹದವಾಗಿ ಬೇಯಿಸಬೇಕು. ಬಿಸಿಲಿನಲ್ಲಿ ಒಣಗಿಸಿದರೆ ಸತ್ವ ನಷ್ಟವಾಗುತ್ತದೆ.

ಕುರುಡುತನ ತಡೆಯಲು 1970ರಲ್ಲಿ ನಮ್ಮ ದೇಶದಲ್ಲಿ ಮಕ್ಕಳಿಗೆ ಈ ಜೀವಸತ್ವದ ದ್ರಾವಣ ಕುಡಿಸುವ ರಾಷ್ಟ್ರೀಯ ಯೋಜನೆ ಆರಂಭವಾಯಿತು. ಆದರೆ ಮಾತ್ರೆಗಳನ್ನು ನಾವೇ ಕೊಂಡು ನುಂಗುವುದು ತರವಲ್ಲ. ಮಿತಿಮೀರಿದ ‘ಎ’ ಜೀವಸತ್ವ ಯಕೃತ್ತಿನಲ್ಲಿ ಸಂಗ್ರಹವಾಗಿ ಕೇಡು ಮಾಡುತ್ತದೆ. ಗರ್ಭಸ್ಥ ಶಿಶುವಿಗೂ ಅಪಾಯಕಾರಿ. ಸೊಪ್ಪು ತರಕಾರಿಗಳ ಊಟದಲ್ಲಿ ಆ ಭಯವಿಲ್ಲ.

ಹಿತ್ತಿಲಿನ ನುಗ್ಗೆಯ ಕಾಯಿ ಕೊಯ್ದು ಸೊಪ್ಪನ್ನು ಮರೆಯುವ ರೂಢಿಯನ್ನು ಬಿಡೋಣ. ರೊಟ್ಟಿಯ ಜೊತೆಗೆ ದಿನವೂ ಒಂದು ಹಿಡಿ ಸೊಪ್ಪಿನ ಪಲ್ಯವಿರಲಿ. ಮಕ್ಕಳ ಕಣ್ಣ ಬೆಳಕನ್ನು ಕಾಯುವ ಹೊಣೆ ನಮ್ಮದೇ ಅಲ್ಲವೆ?